ಜಾಗಟೆ ಹಿಡಿದ ಮೇಲೆ

ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿ, ನವರಾತ್ರಿಯ ಸಂಗೀತ ಸೇವೆ, ಪುರಂದರದಾಸರ ಆರಾಧನೆ, ಮದುವೆಮನೆಯ ಕಛೇರಿ ಎಂದು ಊರೂರಲ್ಲಿ ಹಾಡುತ್ತಿದ್ದ ನಾನು ಕರಾವಳಿಯ ದಕ್ಷಿಣ ಭಾಗದ ಶೈಲಿಯಾದ ತೆಂಕುತಿಟ್ಟು ಯಕ್ಷಗಾನದಲ್ಲಿ ಪದ್ಯ ಹಾಡಿ ಆಟ ನಡೆಸುವ ಭಾಗವತಿಕೆಗೆ ಬಂದು ಅಲ್ಲಿಯೇ ನೆಲೆ ನಿಂತದ್ದು ಹೇಗೆಂದು ಕೇಳುವವರು ಈಗಲೂ ಸಿಗುತ್ತಾರೆ. ರಾಗ ಗೊತ್ತಿತ್ತು, ತಾಳ ಗೊತ್ತಿತ್ತು, ಕಂಠವೂ ಇತ್ತು. ಇನ್ನು ಪದ್ಯಗಳನ್ನು ಬಾಯಿಪಾಠ ಮಾಡಿಕೊಂಡರೆ ಆಯಿತಲ್ಲ ಎಂಬುದು ಅವರ ಎಣಿಕೆ. ಆ ದಾರಿಯಲ್ಲಿ ನಡೆದು ಬಂದವಳಾಗಿ ಹೇಳುವುದಾದರೆ, ಈ ಕಲಿಕೆಯಲ್ಲಿ ನನ್ನಿಂದ ಹೆಚ್ಚು ದುಡಿಮೆಯನ್ನು ಬೇಡಿದ್ದು ಪದ್ಯಗಳ ಬಾಯಿಪಾಠವಲ್ಲ, ನನ್ನ ಹಾಡು ನನ್ನಲ್ಲಿಯೇ ಮುಗಿಯದಂತೆ ಹೇಳುವ ಅಭ್ಯಾಸ. ಕಛೇರಿಯಲ್ಲಿ ಒಂದು ಕೃತಿಯನ್ನು ಎತ್ತಿಕೊಂಡು, ಬೆಳೆಸಿ, ಅದರ ಭಾವವನ್ನು ಪೂರ್ತಿಯಾಗಿ ಕೇಳುಗರ ಮುಂದಿಟ್ಟು ಮುಗಿಸುವ ಹೊಣೆ ಗಾಯಕಿಯದು. ರಂಗಸ್ಥಳದಲ್ಲಿ ಪದ್ಯವನ್ನು ಭಾಗವತರು ಎತ್ತುತ್ತಾರೆ, ಆದರೆ ಅದನ್ನು ಪೂರ್ತಿಗೊಳಿಸುವವರು ಕುಣಿಯುವ, ಅರ್ಥ ಹೇಳುವ ವೇಷಧಾರಿಗಳು. ಅವರಿಗೆ ಬೇಕಾದಷ್ಟು ಕೊಟ್ಟು, ಉಳಿದದ್ದನ್ನು ಅವರಿಗೇ ಬಿಟ್ಟುಕೊಡುವ ಹದ ಕಂಠಕ್ಕೆ ಬರಬೇಕು. ನಾನು ಬರೆಯಹೊರಟಿರುವುದು ಆ ಹದದ ಬಗ್ಗೆ.

ನಮ್ಮದು ದಕ್ಷಿಣ ಕನ್ನಡದ ಒಳನಾಡಿನ ಒಂದು ಹಳ್ಳಿ. ದೀಪಾವಳಿ ಕಳೆದು ಮೇಳಗಳ ತಿರುಗಾಟ ಆರಂಭವಾಯಿತೆಂದರೆ ಪತ್ತನಾಜೆಯವರೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನದವರೆಗೆ, ಸುತ್ತಮುತ್ತ ಎಲ್ಲಿಯಾದರೊಂದು ಕಡೆ ಹರಕೆಯ ಬಯಲಾಟ ಇದ್ದೇ ಇರುತ್ತದೆ. ಹೀಗಾಗಿ ಚೆಂಡೆಯ ಸದ್ದು ನನಗೆ ತಂಬೂರಿಯ ನಾದಕ್ಕಿಂತ ಮೊದಲೇ ಪರಿಚಯವಾಗಿತ್ತು. ಆದರೂ ಹುಡುಗಿಯೊಬ್ಬಳು ಹಿಮ್ಮೇಳದಲ್ಲಿ ಕುಳಿತು ಪದ್ಯ ಹೇಳಬಹುದೆಂಬ ಧೈರ್ಯ ನಮಗೆಲ್ಲ ಬಂದದ್ದು ಲೀಲಾವತಿ ಬೈಪಾಡಿತ್ತಾಯರಿಂದ. ಶಾಸ್ತ್ರೀಯ ಸಂಗೀತ ಕಲಿತು, ಮದುವೆಯಾದ ಮೇಲೆ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆಯ ಪಾಠ ಹೇಳಿಸಿಕೊಂಡು, ವೃತ್ತಿಮೇಳಗಳಲ್ಲಿ ವರ್ಷಗಟ್ಟಲೆ ತಿರುಗಾಟ ಮಾಡಿದ ಮೊದಲ ಮಹಿಳಾ ಭಾಗವತರು ಅವರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ನಮ್ಮಂಥ ಎಷ್ಟೋ ಮಂದಿಗೆ ಮನೆಯ ಹಿರಿಯರನ್ನು ಕಳೆದುಕೊಂಡಂತಾಯಿತು. ಮೇಳದ ಬದುಕಿನಲ್ಲಿ ರಾತ್ರಿ ಎಂಬುದೇ ಕೆಲಸದ ಹೊತ್ತು, ಪ್ರತಿದಿನವೂ ಬೇರೊಂದು ಊರು. ಅಂಥ ಜೀವನವನ್ನು ಸಂಸಾರದ ಜೊತೆಗೆ ತೂಗಿಸಿಕೊಂಡು ಹೋದವರ ಶ್ರಮವನ್ನು ಬರಿಯ ದಾಖಲೆಯ ಮಾತಾಗಿ ಹೇಳಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಗುರುಗಳು ನಿವೃತ್ತ ಭಾಗವತರು. ಪಾಠಕ್ಕೆಂದು ಹೋದವಳಿಗೆ ಅವರು ಮೊದಲು ಕೊಟ್ಟದ್ದು ಪದ್ಯವನ್ನಲ್ಲ, ಜಾಗಟೆಯನ್ನು. ತೆಂಕಿನಲ್ಲಿ ಭಾಗವತರ ಕೈಯಲ್ಲಿ ತಾಳದ ಜೋಡಿಯಿರುವುದಿಲ್ಲ, ಪುಟ್ಟ ಜಾಗಟೆಯೂ ಒಂದು ಕೋಲೂ ಇರುತ್ತವೆ. ಪಕ್ಕದಲ್ಲಿ ಇನ್ನೊಬ್ಬರು ಚಕ್ರತಾಳ ಹಿಡಿದು ಕುಳಿತಿರುತ್ತಾರೆ. ಎಡಗೈಯಲ್ಲಿ ಹಿಡಿದ ಜಾಗಟೆಯ ಮೇಲೆ ಕೋಲು ಬಿದ್ದಾಗ ನಾದವನ್ನು ಎಷ್ಟು ಹೊತ್ತು ಉಳಿಸಬೇಕು, ಯಾವಾಗ ಬೆರಳು ತಾಗಿಸಿ ತಡೆಯಬೇಕು ಎಂಬುದನ್ನು ಕಲಿಯುವುದಕ್ಕೇ ನನಗೆ ಬಹಳ ಕಾಲ ಬೇಕಾಯಿತು. ಕಛೇರಿಯಲ್ಲಿ ತೊಡೆಯ ಮೇಲೆ ಹಾಕುವ ತಾಳ ನನ್ನ ಅನುಕೂಲಕ್ಕೆ ಇರುವಂಥದ್ದು. ಮೃದಂಗದವರು ನನ್ನ ಕೈಯನ್ನು ನೋಡುತ್ತ ನುಡಿಸುತ್ತಾರೆ, ಅಷ್ಟೆ. ಇಲ್ಲಿ ಜಾಗಟೆಯ ಪೆಟ್ಟು ಮದ್ದಳೆಗೆ, ಚೆಂಡೆಗೆ, ಚಕ್ರತಾಳಕ್ಕೆ, ಕುಣಿಯುವ ಕಾಲಿಗೆ ಒಟ್ಟಿಗೇ ಕೊಡುವ ಅಪ್ಪಣೆ. ವೇಗ ಏರಬೇಕೆಂದು ನನಗೆ ಅನಿಸಿದ್ದು ಮಾತಿನಿಂದಲೋ ಸನ್ನೆಯಿಂದಲೋ ಅವರಿಗೆ ತಿಳಿಯುವುದಿಲ್ಲ, ಆ ಪೆಟ್ಟಿನಿಂದ ತಿಳಿಯಬೇಕು. ಗುರುಗಳು ಬಾಯಿಯಲ್ಲಿ ಬಿಡ್ತಿಗೆಯ ತಾಳಾಕ್ಷರಗಳನ್ನು ಹೇಳುತ್ತ, ಏಳಕ್ಷರದ ತ್ರಿವುಡೆಯನ್ನು ನಿಧಾನದಿಂದ ಏರುಕಾಲಕ್ಕೆ ಒಯ್ದು ಮುಕ್ತಾಯ ಮಾಡಿಸಿ, ಮತ್ತೆ ಮೊದಲಿನ ನಿಧಾನಕ್ಕೆ ತಂದು ನಿಲ್ಲಿಸುತ್ತಿದ್ದರು. ಹೀಗೆ ಕೈಯೊಂದು ಪಳಗಿದ ಮೇಲೆಯೇ ಬಾಯಿ ತೆರೆಯುವ ಅನುಮತಿ ಸಿಕ್ಕಿತು. ಈಗ ಕಲಿಸುವ ಸ್ಥಾನದಲ್ಲಿ ನಿಂತು ನೋಡಿದಾಗ, ಆ ಕ್ರಮಕ್ಕಿಂತ ಒಳ್ಳೆಯ ಕ್ರಮ ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ.

ರಾಗದ ಮಾತಿಗೆ ಬಂದರೆ, ಸಂಗೀತ ಕಲಿತು ಬಂದವರಿಗೆ ಇಲ್ಲಿ ಒಂದು ಬಗೆಯ ಕಸಿವಿಸಿ ಸಹಜ. ಆಟದ ಕಥೆಯ ಪದ್ಯಗಳಿರುವ ಪ್ರಸಂಗ ಪುಸ್ತಕದಲ್ಲಿ ಪದ್ಯದ ನೆತ್ತಿಯ ಮೇಲೆ ‘ರಾಗ ಸೌರಾಷ್ಟ್ರ, ತ್ರಿವುಡೆ ತಾಳ’, ‘ರಾಗ ಭೈರವಿ, ಝಂಪೆ ತಾಳ’, ‘ರಾಗ ಸಾವೇರಿ, ಅಷ್ಟ ತಾಳ’ ಎಂದು ಮುದ್ರಿತವಾಗಿರುತ್ತದೆ. ಹೆಸರುಗಳೆಲ್ಲ ಪರಿಚಿತ. ಆದರೆ ಹಳೆಯ ಭಾಗವತರು ಆ ಪದ್ಯವನ್ನು ಹೇಳುವಾಗ ಕಿವಿಗೆ ಬೀಳುವ ಸಂಚಾರ ನಾವು ವರ್ಣ, ಕೃತಿಗಳಲ್ಲಿ ಕಲಿತ ಅದೇ ಹೆಸರಿನ ರಾಗದ ಸಂಚಾರವಾಗಿರಬೇಕೆಂದಿಲ್ಲ. ಘಂಟಾರವ, ಮಾರವಿ, ಗೋಪನೀತೆಯಂಥವುಗಳ ವಿಷಯದಲ್ಲಿ ಸಂಗೀತ ಪುಸ್ತಕದ ಆರೋಹಣ ಅವರೋಹಣಗಳು ನೆರವಿಗೆ ಬರುವುದೇ ಇಲ್ಲ. ಪದ್ಯದ ಮಟ್ಟಿನ, ಅಂದರೆ ಹಾಡುವ ಧಾಟಿಯ, ಮೂಲಕವೇ ಅವುಗಳನ್ನು ಹಿಡಿಯಬೇಕು. ಶಾಸ್ತ್ರೀಯ ಸಂಗೀತದ ರಾಗಸಂಚಾರವನ್ನು ತೆಂಕಿನ ಭಾಗವತಿಕೆಗೆ ಹೊಂದಿಸಿಕೊಂಡವರೆಂದು ಹಿರಿಯರು ದಾಮೋದರ ಮಂಡೆಚ್ಚರನ್ನು ನೆನೆಯುತ್ತಾರೆ. ಹಾಗೆಯೇ ಬಲಿಪ ನಾರಾಯಣ ಭಾಗವತರ ಪದ್ಯಗಳನ್ನು ಕೇಳಿದವರಿಗೆ, ಯಾವ ಹೊರಗಿನ ಅಲಂಕಾರವೂ ಇಲ್ಲದೆ ಯಕ್ಷಗಾನದ ಮಟ್ಟು ಎಷ್ಟು ಗಟ್ಟಿಯಾಗಿ ನಿಲ್ಲಬಲ್ಲುದೆಂಬುದು ಗೊತ್ತು. ನನ್ನ ಕಂಠದ ಸಂಸ್ಕಾರ ಮೊದಲನೆಯ ಕಡೆಯದು, ನನ್ನ ಗುರುಗಳ ಪಾಠ ಎರಡನೆಯ ಕಡೆಯದು. ಇವೆರಡನ್ನೂ ಒಂದೇ ಪದ್ಯದೊಳಗೆ ಜಗಳವಿಲ್ಲದೆ ಇರಿಸುವ ಪ್ರಯತ್ನ ಇಂದಿಗೂ ನಡೆದಿದೆ.

ಒಂದು ಉದಾಹರಣೆ ಕೊಡುತ್ತೇನೆ. ಭಾಮಿನಿ ಷಟ್ಪದಿ, ವಾರ್ಧಕ, ಕಂದಗಳನ್ನು ತಾಳದ ಕಟ್ಟಿಲ್ಲದೆ ಹೇಳುವುದು ರೂಢಿ. ಸಂಗೀತದವರಿಗೆ ಇದು ಹಬ್ಬದಂತೆ ಕಾಣುತ್ತದೆ, ರಾಗವನ್ನು ಬೇಕಾದಷ್ಟು ವಿಸ್ತರಿಸಬಹುದಲ್ಲ ಎಂದು. ಆದರೆ ಪ್ರಸಂಗದಲ್ಲಿ ಭಾಮಿನಿ ಬರುವುದು ಸಾಮಾನ್ಯವಾಗಿ ಕಥೆ ಒಂದು ಸ್ಥಳದಿಂದ ಇನ್ನೊಂದಕ್ಕೆ ಹೊರಳುವ ಕಡೆ. ಯಾರು ಎಲ್ಲಿಗೆ ಹೋದರು, ಯಾವ ಸುದ್ದಿಯನ್ನು ಕೇಳಿ ಯಾರಿಗೆ ಸಿಟ್ಟು ಬಂತು ಎಂಬುದು ಅದರೊಳಗಿರುತ್ತದೆ. ಪದಗಳು ಪ್ರೇಕ್ಷಕರ ಕಿವಿಗೆ ಸ್ಪಷ್ಟವಾಗಿ ಬೀಳದಿದ್ದರೆ ಮುಂದಿನ ದೃಶ್ಯವೇ ಅರ್ಥವಾಗುವುದಿಲ್ಲ. ಆದ್ದರಿಂದ ಪದವನ್ನು ಎಲ್ಲಿಯೂ ಒಡೆಯದೆ, ಸಾಹಿತ್ಯ ಮುಗಿದ ಮೇಲೆ ಉಳಿಯುವ ಸ್ವಲ್ಪ ಅವಕಾಶದಲ್ಲಿ ಮಾತ್ರ ರಾಗವನ್ನು ಚಾಚಬೇಕು. ಗಮಕವಾಚನ ಕೇಳಿ ಬೆಳೆದವರಿಗೆ ಈ ಶಿಸ್ತು ಬೇಗ ಹತ್ತುತ್ತದೆಂದು ನನಗೆ ಅನಿಸಿದೆ.

ಪದ್ಯ ಹೇಳುವ ಕೆಲಸ ನನಗೆ ಕಥೆಗೆ ಮೊದಲು ನಡೆಯುವ ಪೂರ್ವರಂಗದಿಂದ ಆರಂಭವಾಯಿತು. ಮೇಳದಲ್ಲಿ ಸಂಗೀತಗಾರ ಎಂದು ಕರೆಯುವ ಕಿರಿಯ ಭಾಗವತರ ಹೊಣೆ ಇದು. ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಗಣಪತಿಯ ಪೂಜೆ ಮುಗಿದು, ರಂಗಸ್ಥಳದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಒಂದಾದ ಮೇಲೊಂದು ಬಂದು ಕುಣಿಯುವ ಆ ಹೊತ್ತಿನಲ್ಲಿ ಎದುರಿನ ಕುರ್ಚಿಗಳು ಬಹುಮಟ್ಟಿಗೆ ಖಾಲಿಯಿರುತ್ತವೆ. ಜನ ಇನ್ನೂ ಊಟದ ಪಂಕ್ತಿಯಲ್ಲಿರುತ್ತಾರೆ. ಮುಂದೆ ಕುಳಿತಿರುವ ನಾಲ್ಕಾರು ಮಕ್ಕಳು ಮತ್ತು ಆಟ ಆಡಿಸುವ ಮನೆಯ ಯಜಮಾನರಿಗೆ ಅಷ್ಟೇ ಆ ಹಾಡು. ಕಛೇರಿಯ ಚಪ್ಪಾಳೆಗೆ ಒಗ್ಗಿದ್ದ ನನಗೆ ಇದು ಬಹಳ ಒಳ್ಳೆಯ ಶಿಕ್ಷಣವಾಯಿತು. ಅಲ್ಲಿ ಕುಣಿಯುವವರೂ ಬಹುತೇಕ ಕಲಿಯುವ ಹುಡುಗರೇ. ಅವರ ಹೆಜ್ಜೆ ತಾಳಕ್ಕಿಂತ ಒಂದು ಎಳೆ ಮುಂದೆಯೋ ಹಿಂದೆಯೋ ಹೋಗುತ್ತಿದ್ದಾಗ ಪದ್ಯದ ನಡೆಯನ್ನು ಹಿಡಿದಿಟ್ಟು ಅವರನ್ನು ಒಳಗೆ ಸೇರಿಸಿಕೊಳ್ಳುವುದನ್ನು ನಾನು ಅಲ್ಲಿಯೇ ಕಲಿತದ್ದು. ಕಣ್ಣು ಪುಸ್ತಕದ ಮೇಲಿದ್ದರೆ ಇದು ಆಗುವುದಿಲ್ಲ. ಅವರ ಪಾದವನ್ನು ನೋಡುತ್ತಿರಬೇಕು, ಪದ್ಯ ತಾನಾಗಿ ಬಾಯಿಗೆ ಬರುತ್ತಿರಬೇಕು.

ಪ್ರಸಂಗದ ಪದ್ಯ ಹೇಳುವ ಅವಕಾಶ ಬಂದ ಮೇಲೆ ನಾನು ರೂಢಿಸಿಕೊಂಡ ಒಂದು ಅಭ್ಯಾಸವೆಂದರೆ ಆಟಕ್ಕೆ ಬೇಗನೆ ಹೋಗಿ ಚೌಕಿಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳುವುದು. ಯಕ್ಷಗಾನದಲ್ಲಿ ನಾಟಕದವರಂತೆ ತಿಂಗಳುಗಟ್ಟಲೆ ತಾಲೀಮು ಇರುವುದಿಲ್ಲ. ಇವತ್ತಿನ ಅರ್ಜುನ ಯಾರೆಂಬುದು ಕೆಲವೊಮ್ಮೆ ಸಂಜೆಗಷ್ಟೇ ಖಚಿತವಾಗುತ್ತದೆ. ಎರಡೂ ಕಡೆಯವರಿಗೆ ಪ್ರಸಂಗ ಗೊತ್ತಿರುತ್ತದೆ, ತಾಳ ಗೊತ್ತಿರುತ್ತದೆ. ಉಳಿದದ್ದು ಚೌಕಿಯ ಐದು ನಿಮಿಷದ ಮಾತಿನಲ್ಲಿ ತೀರ್ಮಾನವಾಗಬೇಕು. ಸುಧನ್ವನ ಪ್ರಸಂಗವಿದ್ದ ಒಂದು ಸಂಜೆ, ಪ್ರಭಾವತಿಯ ವೇಷಕ್ಕೆಂದು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಹಿರಿಯ ಕಲಾವಿದರೊಬ್ಬರು ಕನ್ನಡಿಯಿಂದ ಕಣ್ಣು ತೆಗೆಯದೆಯೇ ಕೇಳಿದರು: “ಅಮ್ಮಾ, ತಡೆಯುವ ಪದ್ಯವನ್ನು ಯಾವ ರಾಗದಲ್ಲಿ ಹೇಳ್ತೀರಿ?” ನಾನು ಹೇಳಿದೆ. “ಒಳ್ಳೆದು. ನಿಮ್ಮ ಸ್ವರ ಚಂದ ಉಂಟು. ಆದ್ರೆ ಅಳು ಪೂರ್ತಿ ನೀವೇ ಅತ್ತುಬಿಡ್ಬೇಡಿ. ಸ್ವಲ್ಪ ನನಗೂ ಇಡಿ.” ಆ ಮಾತಿನಲ್ಲಿ ಕುಂದು ಎಣಿಸುವ ಧಾಟಿ ಇರಲಿಲ್ಲ; ಕೆಲಸದ ಜೊತೆಗಾರರು ಸಾಮಾನು ಹಂಚಿಕೊಳ್ಳುವಾಗ ಆಡುವ ಮಾತಿನಂತೆ ಇತ್ತು. ಭಾಗವತಿಕೆಯ ಬಗ್ಗೆ ನಾನು ಕೇಳಿದ ಎಷ್ಟೋ ಉಪನ್ಯಾಸಗಳಿಗಿಂತ ಆ ಒಂದು ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಆ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಯುದ್ಧಕ್ಕೆ ಹೊರಟ ಸುಧನ್ವನನ್ನು ಪ್ರಭಾವತಿ ತಡೆಯುತ್ತಾಳೆ. ತಡವಾಗಿ ಬಂದವನಿಗೆ ಕುದಿಯುವ ಎಣ್ಣೆಯ ಕೊಪ್ಪರಿಗೆಯೇ ಗತಿಯೆಂದು ಅವನ ತಂದೆ ಹಂಸಧ್ವಜನ ಆಜ್ಞೆಯಿದೆ. ಈ ಸನ್ನಿವೇಶದಲ್ಲಿ ಚೆಂಡೆ ಸುಮ್ಮನಿರುತ್ತದೆ, ಮದ್ದಳೆಯೊಂದೇ ಮೆಲ್ಲನೆ ನುಡಿಯುತ್ತಿರುತ್ತದೆ. ಪದ್ಯದ ಮೊದಲ ಸಾಲನ್ನು ನಾನು ಮಂದ್ರದ ಕಡೆಯಿಂದ ಎತ್ತಿದೆ. ಸ್ತ್ರೀವೇಷದವರು ಸುಧನ್ವನ ಸೆರಗಿನ ತುದಿಯನ್ನು ಹಿಡಿದರು, ಅಷ್ಟೇ, ಇನ್ನೇನೂ ಮಾಡಲಿಲ್ಲ. ಎರಡನೆಯ ಸಲ ಅದೇ ಸಾಲನ್ನು ಹೇಳುವಾಗ ಅವರ ಮುಖ ನಿಧಾನವಾಗಿ ಗಂಡನ ಕಡೆಯಿಂದ ಪ್ರೇಕ್ಷಕರ ಕಡೆಗೆ ತಿರುಗಿತು. ಕಛೇರಿಯಾಗಿದ್ದರೆ ಮೂರನೆಯ ಸಲಕ್ಕೆ ನಾನು ತಾರಸ್ಥಾಯಿಗೆ ಹೋಗಿ ಆ ಕರುಣೆಯನ್ನೆಲ್ಲ ಹಿಂಡಿ ಕೊಡುತ್ತಿದ್ದೆ. ಇಲ್ಲಿ ಅದನ್ನು ಬಿಟ್ಟು, ಸಾಲಿನ ಕೊನೆಯ ಪದವನ್ನು ಷಡ್ಜದಲ್ಲಿ ನಿಲ್ಲಿಸಿ, ಜಾಗಟೆಯನ್ನು ಕೈಯಲ್ಲೇ ತಡೆದೆ. ಮದ್ದಳೆಯವರು ಅದನ್ನು ಹಿಡಿದುಕೊಂಡು ಒಂದು ಆವರ್ತ ಬರೀ ಬೆರಳಿನಲ್ಲಿ ನುಡಿಸಿದರು. ಆ ಒಂದು ಆವರ್ತದಲ್ಲಿ ಪ್ರಭಾವತಿ ಹಿಡಿದಿದ್ದ ಸೆರಗನ್ನು ಬಿಟ್ಟು ಮತ್ತೆ ಹಿಡಿದಳು. ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡದ್ದು ಆಗಲೇ. ಅವರನ್ನು ಅಳಿಸಿದ್ದು ಆ ಕೈ. ಆ ಕೈಗೆ ಬೇಕಾದ ಸ್ಥಳವನ್ನು ಬಿಡಿಸಿಕೊಡುವುದರಲ್ಲಿ ನನ್ನ ಸಂಗೀತಕ್ಕೆ ಸಿಕ್ಕಿದ ಸಾರ್ಥಕತೆ, ಕಛೇರಿಯಲ್ಲಿ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ಯಾವ ನಿರವಲ್‌ನಲ್ಲಿಯೂ ನನಗೆ ಸಿಕ್ಕಿರಲಿಲ್ಲ.

ಇದಕ್ಕೆ ತೀರ ಬೇರೆಯಾದ ಸ್ಥಿತಿಯೂ ಇದೆ, ಅದು ರಾಕ್ಷಸ ಪಾತ್ರಗಳ ಬಣ್ಣದ ವೇಷದ ಪ್ರವೇಶ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಸಭೆಯ ಹಿಂದಿನಿಂದ ಸೂಟೆ ಎಂಬ ಪಂಜಿನ ಬೆಳಕಿನಲ್ಲಿ ಅಟ್ಟಹಾಸ ಮಾಡುತ್ತ ಬರುವಾಗ ರಾಳದ ಹುಡಿ ಎರಚಿ ಎಬ್ಬಿಸುವ ಬೆಂಕಿಯ ಹೊಗೆ, ಸಿಡಿಮದ್ದಿನ ಹೊಗೆ, ಜನ ಎದ್ದು ನಿಂತಾಗ ಮೇಲೇಳುವ ಗದ್ದೆಯ ಧೂಳು ಎಲ್ಲವೂ ಸೇರಿ ಹಿಮ್ಮೇಳದತ್ತಲೇ ಬರುತ್ತವೆ. ಚೆಂಡೆಗಳು ಒಟ್ಟಾಗಿ ನುಡಿಯುತ್ತಿರುವ ಆ ಅಬ್ಬರದ ನಡುವೆ ಗಂಟಲು ಒಣಗದಂತೆ, ಕೆಮ್ಮು ಬರದಂತೆ ಕಾಯ್ದುಕೊಂಡು, ವೇಷ ರಂಗಸ್ಥಳಕ್ಕೆ ಬಂದ ಕೂಡಲೇ ಬಿರುಸಿನ ಏರುಪದ ಎತ್ತಬೇಕು. ಇಲ್ಲಿ ನವಿರು ಗಮಕಕ್ಕೆ ಕೆಲಸವಿಲ್ಲ. ಸ್ವರ ನೆಟ್ಟಗೆ ಹೋಗಿ ತಾಗಬೇಕು, ಅಕ್ಷರ ಚೆಂಡೆಯ ಪೆಟ್ಟಿನ ಜೊತೆಗೇ ಬೀಳಬೇಕು. ಹೀಗೆ ಹೇಳಲು ಹೊಟ್ಟೆಯಿಂದ ಉಸಿರು ಬೇಕು. ಗಂಟಲನ್ನು ಬಿಗಿದು ಕೂಗಿದರೆ ಮರುದಿನದ ಆಟಕ್ಕೆ ಸ್ವರವೇ ಇರುವುದಿಲ್ಲ. ಸರಳೆವರಸೆಗಳನ್ನು ಮೂರು ಕಾಲದಲ್ಲಿ ಅಕಾರದಲ್ಲಿ ಹಾಡಿಸಿದ ನನ್ನ ಸಂಗೀತದ ಟೀಚರನ್ನು ನಾನು ಹೆಚ್ಚಾಗಿ ನೆನೆಯುವುದು ಈ ಏರುಪದಗಳ ಹೊತ್ತಿನಲ್ಲಿ.

ಶ್ರುತಿಯ ಪ್ರಶ್ನೆಯನ್ನು ಇಲ್ಲಿ ಹೇಳಿಬಿಡಬೇಕು, ಏಕೆಂದರೆ ಹೆಣ್ಣುಮಕ್ಕಳ ಭಾಗವತಿಕೆಯ ಬಗ್ಗೆ ಬರುವ ಆಕ್ಷೇಪಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಅಲ್ಲಿ. ನಾನು ಹೇಳುವುದು ಬಿಳಿ ಐದರಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆಯ ಶ್ರುತಿಯಲ್ಲಿ. ಈಗಿನ ಪುರುಷ ಭಾಗವತರಲ್ಲಿ ಹೆಚ್ಚಿನವರ ಶ್ರುತಿ ಇದಕ್ಕಿಂತ ಸಾಕಷ್ಟು ಕೆಳಗಿದೆ. ಒಂದೇ ಆಟದಲ್ಲಿ ಅವರ ಬಳಿಕ ನಾನು ಕುಳಿತರೆ ಮದ್ದಳೆಯನ್ನೇ ಬದಲಿಸಬೇಕಾಗುತ್ತದೆ. ಒಂದೇ ಮದ್ದಳೆಯ ಮುಚ್ಚಿಗೆಯನ್ನು, ಅಂದರೆ ಅದರ ಬಾಯಿಯ ಚರ್ಮವನ್ನು, ಅಷ್ಟು ಮೇಲಕ್ಕೆ ಎಳೆಯಲು ಬರುವುದಿಲ್ಲ. ಮದ್ದಳೆಗಾರರು ಎರಡೆರಡು ಮದ್ದಳೆಗಳನ್ನು ಹೊತ್ತು ತರಬೇಕಾದ ಈ ಕಷ್ಟ ನಿಜವಾದದ್ದು, ಅವರ ಸೌಜನ್ಯಕ್ಕೆ ನಾನು ಋಣಿ. ಆದರೆ ಏರು ಶ್ರುತಿಯೇ ಯಕ್ಷಗಾನಕ್ಕೆ ಹೊರಗಿನದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೈಕು ಇಲ್ಲದ ಕಾಲದಲ್ಲಿ ಬಯಲಿನ ಕೊನೆಯವರೆಗೆ ಪದ್ಯ ತಲುಪಬೇಕಾಗಿದ್ದಾಗ ಗಂಡಸರೇ ಏರು ಶ್ರುತಿಯಲ್ಲಿ ಹೇಳುತ್ತಿದ್ದರು. ಬಲಿಪರ ಏರುಕಂಠವನ್ನು ಕೇಳಿದವರು ನಮ್ಮ ನಡುವೆ ಇನ್ನೂ ಎಷ್ಟೋ ಮಂದಿ ಇದ್ದಾರೆ. ಶ್ರುತಿ ಇಳಿದದ್ದು ಮೈಕು ಬಂದ ಮೇಲೆ. ಕೆಳಗಿನ ಶ್ರುತಿಯಲ್ಲಿ ರಾಗದ ಸೂಕ್ಷ್ಮಗಳನ್ನು ತೋರಿಸಲು ಆಗುತ್ತದೆಂಬುದು ಸರಿ, ಅದರಿಂದ ಕಲೆಗೆ ಲಾಭವೂ ಆಗಿದೆ. ಹಾಗೆಂದು ಚೆಂಡೆಯ ಜೊತೆಗೆ ಏರುಕಂಠಕ್ಕೆ ಇದ್ದ ನಂಟನ್ನು ಮರೆಯಬೇಕಾಗಿಲ್ಲ.

ಗಂಟಲಿನ ಆರೈಕೆಯ ಬಗ್ಗೆ ಕಿರಿಯರು ಬಹಳ ಕೇಳುತ್ತಾರೆ. ಹೇಳುವಂಥ ಗುಟ್ಟೇನೂ ನನ್ನಲ್ಲಿಲ್ಲ. ಹರಕೆಯ ಆಟದ ಮನೆಯಲ್ಲಿ ಊಟ ಭರ್ಜರಿಯಾಗಿರುತ್ತದೆ, ಬಡಿಸುವವರ ಪ್ರೀತಿಯೂ ಹಾಗೆಯೇ ಇರುತ್ತದೆ. ಆದರೆ ತುಂಬಿದ ಹೊಟ್ಟೆಯಲ್ಲಿ ಉಸಿರು ಕೆಳಗಿಳಿಯುವುದಿಲ್ಲ. ನಾನು ಮನೆಯಿಂದ ಹೊರಡುವಾಗಲೇ ಕುಚ್ಚಲಕ್ಕಿಯ ಗಂಜಿ ಉಂಡು ಹೊರಡುತ್ತೇನೆ, ಊಟ ಪದ್ಯ ಮುಗಿದ ಮೇಲೆ. ಧನುರ್ಮಾಸದ ಮಂಜಿನಲ್ಲಿ ಕೊರಳಿಗೆ ಶಾಲು, ಕೈಗೆಟಕುವಲ್ಲಿ ಬಿಸಿನೀರು. ಎಲ್ಲಕ್ಕಿಂತ ದೊಡ್ಡ ಔಷಧ ಹಗಲಿನ ನಿದ್ದೆ ಮತ್ತು ಮೌನ. ಮನೆಯಲ್ಲಿ ಮಕ್ಕಳಿರುವ ಹೆಂಗಸಿಗೆ ಈ ಎರಡೂ ಸುಲಭವಾಗಿ ದಕ್ಕುವುದಿಲ್ಲ. ನನಗೆ ದಕ್ಕಿದ್ದು ಅತ್ತೆಯವರು ಹಗಲು ಹೊತ್ತಿನಲ್ಲಿ ಮನೆಯನ್ನು ನೋಡಿಕೊಂಡದ್ದರಿಂದ.

ನಾನು ಕಲಿಯುತ್ತಿದ್ದ ಕಾಲಕ್ಕೂ ಈಗಿನ ಕಾಲಕ್ಕೂ ನಡುವೆ ಆಟದ ಅವಧಿಯೇ ಬದಲಾಗಿದೆ. ಇಡೀ ರಾತ್ರಿಯ ಆಟದಲ್ಲಿ ಕಿರಿಯ ಭಾಗವತರು ಆರಂಭಿಸಿದ್ದನ್ನು ನಡುರಾತ್ರಿಯ ಮೇಲೆ ಹಿರಿಯರು ಕೈಗೆತ್ತಿಕೊಂಡು ಬೆಳಗಿನ ಜಾವದ ಮಂಗಳದವರೆಗೆ ಒಯ್ಯುತ್ತಿದ್ದರು. 2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ಮೇಳಗಳ ತಿರುಗಾಟ ನಡುವಿನಲ್ಲಿಯೇ ನಿಂತಿತು. ಆ ಬಳಿಕ ರಾತ್ರಿ ಹತ್ತರ ಮೇಲಿನ ಧ್ವನಿವರ್ಧಕದ ನಿಯಮಗಳೂ ಬಿಗಿಯಾದವು. ಅದಕ್ಕೆ ಮೊದಲೇ ಕೆಲವೆಡೆ ಆರಂಭವಾಗಿದ್ದ ಕಾಲಮಿತಿಯ ಆಟ ಈಗ ಹಲವೆಡೆ ಸಾಮಾನ್ಯವಾಗಿದೆ. ಸಂಜೆ ಕುಳಿತು ನಡುರಾತ್ರಿಯೊಳಗೆ ಮಂಗಳ ಹೇಳುವುದು ನನ್ನಂಥವರಿಗೆ ಅನುಕೂಲವೇ. ಆದರೆ ಅದರಿಂದ ಭಾಗವತರ ಮೇಲೆ ಬಿದ್ದಿರುವ ಇನ್ನೊಂದು ಹೊಣೆಯನ್ನು ಪ್ರೇಕ್ಷಕರು ಅಷ್ಟಾಗಿ ಗಮನಿಸಿಲ್ಲ. ಇಡೀ ರಾತ್ರಿಗೆಂದು ಕವಿ ಬರೆದ ಪ್ರಸಂಗದಲ್ಲಿ ಯಾವ ಪದ್ಯವನ್ನು ಬಿಡಬೇಕು, ಯಾವುದನ್ನು ಉಳಿಸಬೇಕೆಂದು ತೀರ್ಮಾನಿಸುವವರು ಭಾಗವತರೇ. ಯುದ್ಧದ ಪದ್ಯಗಳಿಗೆ ಚಪ್ಪಾಳೆ ಬರುತ್ತದೆ, ಸಂಧಾನದ, ಸಮಾಲೋಚನೆಯ ಪದ್ಯಗಳಿಗೆ ಬರುವುದಿಲ್ಲ. ಹಾಗೆಂದು ಎರಡನೆಯದನ್ನು ಕತ್ತರಿಸುತ್ತ ಹೋದರೆ ಇಬ್ಬರು ಏಕೆ ಕಾದಾಡುತ್ತಿದ್ದಾರೆಂಬುದೇ ಉಳಿಯುವುದಿಲ್ಲ. ನಾನು ಪ್ರತಿ ಪ್ರಸಂಗಕ್ಕೂ ಒಂದು ನೋಟುಪುಸ್ತಕವಿಟ್ಟು, ಪಾತ್ರಗಳ ಜಗಳಕ್ಕೆ ಕಾರಣ ಹೇಳುವ ಪದ್ಯಗಳ ಪಕ್ಕದಲ್ಲಿ ಕೆಂಪು ಗೆರೆ ಎಳೆದಿರುತ್ತೇನೆ. ಎಷ್ಟೇ ತಡವಾದರೂ ಅವುಗಳನ್ನು ಬಿಡುವುದಿಲ್ಲ.

ಇದರ ಜೊತೆಗೆ ಇನ್ನೊಂದು ಬೆಳವಣಿಗೆಯನ್ನೂ ಹೇಳಬೇಕು. ವೇಷಗಳಿಲ್ಲದೆ ಪದ್ಯಗಳನ್ನಷ್ಟೇ ಹೇಳುವ ಗಾನವೈಭವ, ಇಬ್ಬರು ಭಾಗವತರ ದ್ವಂದ್ವ ಹಾಡುಗಾರಿಕೆ ಇವು ಈಗ ಬಹಳ ಜನಪ್ರಿಯ. ನಾನೂ ಹೋಗುತ್ತೇನೆ, ಸಂತೋಷದಿಂದ ಹೇಳುತ್ತೇನೆ. ಅಲ್ಲಿ ರಾಗವನ್ನು ಬೆಳೆಸುವ ಅವಕಾಶವಿದೆ, ನನ್ನ ಹಳೆಯ ಕಲಿಕೆಗೆ ಅಲ್ಲಿ ಮನೆಗೆ ಮರಳಿದ ಸುಖವಿದೆ. ನನ್ನ ಕಳವಳವೆಲ್ಲ ಅಲ್ಲಿನ ರೀತಿ ಆಟದೊಳಗೆ ಬಂದು ಸೇರುವುದರ ಬಗ್ಗೆ. ಮೊಬೈಲಿನಲ್ಲಿ ಹರಿದಾಡುವ ತುಣುಕುಗಳಲ್ಲಿ ಭಾಗವತರ ದೀರ್ಘ ಆಲಾಪನೆಗೆ ಮೆಚ್ಚುಗೆ ಸುರಿಯುತ್ತದೆ. ಅದೇ ಹೊತ್ತಿನಲ್ಲಿ ಕಿರೀಟ ಹೊತ್ತ ವೇಷಧಾರಿಯೊಬ್ಬರು ಏನೂ ಮಾಡಲು ತೋಚದೆ ರಂಗಸ್ಥಳದಲ್ಲಿ ನಿಂತಿರುವುದನ್ನು ಕ್ಯಾಮೆರಾ ತೋರಿಸುವುದಿಲ್ಲ. ಆ ವೇಷದ ಭಾರವೆಷ್ಟು, ಸೆಖೆಯೆಷ್ಟು ಎಂದು ಬಲ್ಲವರು ಹಾಗೆ ನಿಲ್ಲಿಸಬಾರದು. ರಾಗ ಬೆಳೆಯುವಾಗ ಪಾತ್ರವೂ ಒಳಗೊಳಗೆ ಬೆಳೆಯುತ್ತಿದೆಯೇ ಎಂದು ನೋಡಬೇಕು. ಬೆಳೆಯುತ್ತಿದ್ದರೆ ಎಷ್ಟು ಹೊತ್ತಾದರೂ ಹೇಳಬಹುದು, ಇಲ್ಲವಾದರೆ ಅಲ್ಲಿಗೆ ಪದ್ಯ ಎತ್ತಿ ಮುಂದೆ ನಡೆಯಬೇಕು.

ಈ ವಿಷಯದಲ್ಲಿ ನನ್ನನ್ನು ಹದಗೊಳಿಸಿದ್ದು ಮಳೆಗಾಲದ ತಾಳಮದ್ದಳೆ. ಪತ್ತನಾಜೆಯ ಬಳಿಕ ಗೆಜ್ಜೆ ಬಿಚ್ಚಿಟ್ಟ ಮೇಲೆ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರು ಕುಳಿತು ಮಾತಿನಲ್ಲಿಯೇ ಪಾತ್ರ ಕಟ್ಟುತ್ತಾರೆ. ಒಂದು ಪದ್ಯ ಹೇಳಿದ ಮೇಲೆ ಭಾಗವತರು ಬಹಳ ಹೊತ್ತು ಸುಮ್ಮನೆ ಕುಳಿತು ಕೇಳಬೇಕಾಗುತ್ತದೆ. ಭೀಷ್ಮನ ಪಾತ್ರಧಾರಿ ಇವತ್ತು ಪ್ರತಿಜ್ಞೆಯನ್ನು ಹಿಡಿದು ಮಾತಾಡುತ್ತಿದ್ದಾರೋ, ಮುಪ್ಪಿನ ದಣಿವನ್ನು ಹಿಡಿದು ಮಾತಾಡುತ್ತಿದ್ದಾರೋ ಎಂಬುದನ್ನು ಕೇಳಿ ತಿಳಿದುಕೊಂಡು, ಮುಂದಿನ ಪದ್ಯವನ್ನು ಅದಕ್ಕೆ ತಕ್ಕ ರಾಗದಲ್ಲಿ, ತಕ್ಕ ವೇಗದಲ್ಲಿ ಎತ್ತಬೇಕು. ಅಚ್ಚಾದ ಪುಸ್ತಕದಲ್ಲಿ ಕಾಂಭೋಜಿ ಎಂದಿದ್ದರೂ ಆ ಹೊತ್ತಿನ ಮಾತು ಬೇರೊಂದನ್ನು ಬೇಡಬಹುದು. ಹೀಗೆ ಎತ್ತಿದ ಪದ್ಯವನ್ನು ಕೇಳಿ ಅರ್ಥಧಾರಿ ಒಮ್ಮೆ ನಮ್ಮ ಕಡೆ ತಿರುಗಿ ನೋಡುತ್ತಾರೆ. ಅವರ ಮುಂದಿನ ಮಾತು ಆ ರಾಗದ ಜಾಡಿನಲ್ಲಿಯೇ ಹೊರಡುತ್ತದೆ. ಕೇಳಿಸಿಕೊಂಡು ಹಾಡುವ ಈ ವಿದ್ಯೆಯನ್ನು ಸಂಗೀತದ ತರಗತಿಗಳಲ್ಲಿಯೂ ಕಲಿಸುವಂತಾಗಬೇಕೆಂದು ನನಗೆ ಬಹಳ ಸಲ ಅನಿಸಿದೆ.

ಸಂಪಾದನೆಯ ಬಗ್ಗೆ ಒಂದೆರಡು ಮಾತು ಸಾಕು. ಮೇಳದಲ್ಲಿ ನೌಕರಿಯಿರುವ ಭಾಗವತರಿಗೆ ತಿರುಗಾಟದ ತಿಂಗಳುಗಳಲ್ಲಿ ಸಂಬಳವುಂಟು. ನಾನು ಕರೆದಲ್ಲಿಗೆ ಹೋಗಿ ಹೇಳುವವಳು, ಕೊಟ್ಟ ಸಂಭಾವನೆಯೇ ನನ್ನ ವರಮಾನ. 2020ರಲ್ಲಿ ಅದು ಪೂರ್ತಿಯಾಗಿ ನಿಂತಾಗ ಮನೆ ನಡೆದದ್ದು ಸಂಗೀತ ಪಾಠದಿಂದ, ಅದರಲ್ಲಿಯೂ ದುಬೈ, ಮಸ್ಕತ್ತುಗಳಲ್ಲಿರುವ ನಮ್ಮೂರ ಮಕ್ಕಳಿಗೆ ಇಂಟರ್‌ನೆಟ್ಟಿನ ಮೂಲಕ ಹೇಳಿಕೊಟ್ಟ ಪಾಠದಿಂದ. ಹಾಡನ್ನೇ ನಂಬಿ ಬದುಕುವವರಿಗೆ ಕಲಿಸುವ ಕೆಲಸವೊಂದು ಕೈಯಲ್ಲಿರಬೇಕೆಂದು ಕಿರಿಯರಿಗೆ ನಾನು ತಪ್ಪದೆ ಹೇಳುತ್ತೇನೆ.

ಈಗ ನನ್ನ ಬಳಿ ಭಾಗವತಿಕೆಗೆಂದೇ ಬರುವ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಹೆಚ್ಚಿನವರು ಸಂಗೀತ ಗೊತ್ತಿದ್ದೇ ಬಂದವರು, ಮೊಬೈಲಿನಲ್ಲಿ ಕೇಳಿದ ಜನಪ್ರಿಯ ಪದ್ಯಗಳನ್ನು ಚೆನ್ನಾಗಿಯೇ ಹೇಳಬಲ್ಲವರು. ಅವರನ್ನು ನಾನು ವಾರಕ್ಕೊಮ್ಮೆ ನಾಟ್ಯತರಗತಿಗೆ ಕರೆದುಕೊಂಡು ಹೋಗಿ, ಹೆಜ್ಜೆ ಕಲಿಯುವ ಹುಡುಗರ ಎದುರಿಗೆ ಕೂರಿಸಿ ಪದ್ಯ ಹೇಳಿಸುತ್ತೇನೆ. ಹುಡುಗರಿಗೆ ದಮ್ಮು ಕಟ್ಟಿದಾಗ ಪದ್ಯವನ್ನು ಹೇಗೆ ತಿರುಗಿಸಿಕೊಳ್ಳಬೇಕು, ಗಿರಕಿ ಹೊಡೆಯುತ್ತ ಧೀಂಗಿಣ ಹಾರುವವನಿಗೆ ಮುಕ್ತಾಯವನ್ನು ಎಷ್ಟು ಮೊದಲು ಸೂಚಿಸಬೇಕು ಎಂಬುದು ಅವರಿಗೆ ಅಲ್ಲಿ ನಿಧಾನವಾಗಿ ತಿಳಿಯುತ್ತಿದೆ. ನನ್ನ ಕಲಿಕೆಯೂ ಮುಂದುವರಿದಿದೆ: ಹಳೆಯ ಪ್ರಸಂಗಗಳ ಮಟ್ಟುಗಳು ಗೊತ್ತಿರುವ ಹಿರಿಯರೊಬ್ಬರ ಮನೆಗೆ ಬಿಡುವಾದಾಗಲೆಲ್ಲ ಹೋಗಿ, ಅವರು ಹೇಳಿದ್ದನ್ನು ಧ್ವನಿಮುದ್ರಿಸಿಕೊಂಡು, ಮನೆಯಲ್ಲಿ ಜಾಗಟೆ ಹಿಡಿದು ತಿರುತಿರುಗಿ ಹೇಳಿಕೊಳ್ಳುತ್ತಿದ್ದೇನೆ. ಮುಂದಿನ ತಿರುಗಾಟದ ಆಟಗಳಲ್ಲಿ ಅವುಗಳಲ್ಲಿ ಕೆಲವನ್ನಾದರೂ ರಂಗಸ್ಥಳಕ್ಕೆ ತರಬೇಕೆಂದಿದ್ದೇನೆ. ಯಾವ ವೇಷಧಾರಿಗಳಿಗೆ ಯಾವುದು ಒಪ್ಪುತ್ತದೆಂದು ಅವರೊಡನೆ ಈಗಿನಿಂದಲೇ ಮಾತಾಡುತ್ತಿದ್ದೇನೆ.